ಒಂದೇ ಮನೆಯನ್ನು ಮೂವರು ಹಂಚಿಕೊಳ್ಳುವ ಬಗೆ

ಅಣ್ಣತಮ್ಮಂದಿರಿಬ್ಬರು ಜಮೀನು ಹಂಚಿಕೊಳ್ಳುವಾಗ ಒಬ್ಬನು ಪಾಲು ಮಾಡಿ ಇನ್ನೊಬ್ಬನು ಮೊದಲು ಆರಿಸಿಕೊಳ್ಳುವ ಕ್ರಮವನ್ನು, ಒಬ್ಬರ ನಿರ್ಧಾರ ಇನ್ನೊಬ್ಬರ ನಿರ್ಧಾರವನ್ನು ಅವಲಂಬಿಸುವ ಸಂದರ್ಭಗಳನ್ನು ಲೆಕ್ಕಹಾಕುವ ಗಣಿತಶಾಖೆಯಾದ ಗೇಮ್ ಥಿಯರಿಯೂ ಒಪ್ಪುತ್ತದೆ. ತನಗೆ ಯಾವುದು ಉಳಿಯುವುದೋ ತಿಳಿಯದವನು ಎರಡನ್ನೂ ಸಮನಾಗಿಯೇ ಮಾಡುತ್ತಾನೆ. ಆದರೆ ತಾಯಿತಂದೆಯರ ನಂತರ ಉಳಿದ ಒಂದೇ ಮನೆಯನ್ನು ಹೀಗೆ ಸೀಳಲಾಗದು. ಅಂಥ ಆಸ್ತಿಗೆ ಪೋಲೆಂಡಿನ ಗಣಿತಜ್ಞ ಕ್ನಾಸ್ಟರ್ ರೂಪಿಸಿದ ಮುಚ್ಚಿದ ಚೀಟಿಯ ವಿಧಾನವಿದೆ.

ಮೊದಲು ಹಕ್ಕುದಾರರೆಲ್ಲರನ್ನೂ ಕೂಡಿಸಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳು ಸಮಪಾಲಿನವರಾದ್ದರಿಂದ, ಅಕ್ಕತಂಗಿಯರನ್ನು ಬಿಟ್ಟು ಮಾಡಿದ ಲೆಕ್ಕ ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಬಳಿಕ ಪ್ರತಿಯೊಬ್ಬರೂ ಮನೆ ತಮಗೆಷ್ಟು ಬೆಲೆಬಾಳುತ್ತದೆಂದು ಗುಟ್ಟಾಗಿ ಬರೆದು, ಚೀಟಿಗಳನ್ನು ಒಟ್ಟಿಗೆ ತೆರೆಯಬೇಕು. ಅಣ್ಣ 60 ಲಕ್ಷ, ತಂಗಿ 48 ಲಕ್ಷ, ತಮ್ಮ 36 ಲಕ್ಷ ಬರೆದರೆನ್ನಿ. ಅವರವರ ಲೆಕ್ಕದ ಮೂರನೆಯ ಒಂದು ಪಾಲು ಕ್ರಮವಾಗಿ 20, 16 ಮತ್ತು 12 ಲಕ್ಷ. ಹೆಚ್ಚು ಬರೆದ ಅಣ್ಣನಿಗೆ ಮನೆ. ಅವನು ತನ್ನ 20 ಲಕ್ಷ ಕಳೆದು 40 ಲಕ್ಷವನ್ನು ನಡುವೆ ಇಡುತ್ತಾನೆ. ತಂಗಿ 16, ತಮ್ಮ 12 ಲಕ್ಷ ತೆಗೆದುಕೊಂಡ ಮೇಲೂ ಉಳಿಯುವ 12 ಲಕ್ಷವನ್ನು ಮೂವರೂ ನಾಲ್ಕು ನಾಲ್ಕರಂತೆ ಹಂಚಿಕೊಳ್ಳುತ್ತಾರೆ. ಕೊನೆಗೆ ಅಣ್ಣ ಕೊಡುವುದು 36 ಲಕ್ಷ. ತಂಗಿಗೆ 20, ತಮ್ಮನಿಗೆ 16. ತಾನು ನ್ಯಾಯವೆಂದು ಬಗೆದ ಪಾಲಿಗಿಂತ ಪ್ರತಿಯೊಬ್ಬರಿಗೂ ನಾಲ್ಕು ಲಕ್ಷ ಹೆಚ್ಚೇ ದಕ್ಕುತ್ತದೆ. ಒಂದೇ ಮನೆಗೆ ಮೂರು ಬೆಲೆ ಕಟ್ಟಿದ ಭಿನ್ನಾಭಿಪ್ರಾಯವೇ ಇಲ್ಲಿ ಮೂವರ ಲಾಭವಾಯಿತು.

ಗುಟ್ಟು ರಟ್ಟಾದರೆ ವಿಧಾನ ಕೆಡುತ್ತದೆ. ಅಣ್ಣನ 60 ಲಕ್ಷ ಮೊದಲೇ ತಿಳಿದರೆ ತಂಗಿ 57 ಬರೆದು, 20ರ ಬದಲು 22 ಲಕ್ಷ ಪಡೆಯಬಹುದು. ಆದರೆ ಬರಿಯ ಊಹೆಯಿಂದ ಹಾಗೆ ಬರೆದು, ಅಣ್ಣ 54 ಬರೆದಿದ್ದರೆ, ತನ್ನ ದೃಷ್ಟಿಯಲ್ಲಿ 48 ಲಕ್ಷದ ಮನೆಗೆ ಅವಳು 35 ಲಕ್ಷಕ್ಕೂ ಮಿಕ್ಕಿ ತೆರಬೇಕಾಗುತ್ತದೆ. ನಿಜ ಬರೆದಿದ್ದರೆ 18 ಲಕ್ಷಕ್ಕೂ ಹೆಚ್ಚು ಹಣ ಕೈಗೆ ಬರುತ್ತಿತ್ತು. ಆದ್ದರಿಂದ ಚೀಟಿ ಬರೆಯುವ ಮುನ್ನ ಬೆಲೆಯ ಮಾತೇ ಬೇಡ.

ಈ ವಿಧಾನದ ದೊಡ್ಡ ಕೊರತೆ ಬೇರೆಡೆ ಇದೆ: ಮನೆಯನ್ನು ಎಲ್ಲರಿಗಿಂತ ಹೆಚ್ಚು ಬಯಸುವವರ ಬಳಿ ಹಣವೇ ಇಲ್ಲದಿರಬಹುದು, ಆಗ ಅವರು ಮನಸ್ಸಿನಲ್ಲಿರುವ ಬೆಲೆಯನ್ನು ಬರೆಯಲಾರರು. ಹಾಗಾಗಿ ಹಣವನ್ನು ಎಷ್ಟು ಕಂತುಗಳಲ್ಲಿ, ಯಾವ ಬಡ್ಡಿಗೆ, ಯಾವ ದಿನಾಂಕದೊಳಗೆ ಕೊಡಬಹುದೆಂಬುದನ್ನು ಚೀಟಿ ಬರೆಯುವ ಮೊದಲೇ ಒಪ್ಪಿಕೊಂಡು, ಅದೇ ಷರತ್ತುಗಳನ್ನು ನೋಂದಾಯಿತ ವಿಭಾಗ ಪತ್ರದಲ್ಲಿ ಸೇರಿಸಿರಿ.