ತಿಜೋರಿಯ ಹಿಂದಿನ ಗೋಡೆ

ನಾನು ಬೆಳೆದದ್ದು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ. ಅಲ್ಲಿ ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ, ಒಂದೆರಡು ಕೆಲಸ ಮುಗಿಸಿ ಬರುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಹಾಗಾಗಿ ಬೆಳಗಾವಿಯ ಶಹಾಪುರದಲ್ಲಿ ಬಾಡಿಗೆ ಮನೆ ಹಿಡಿಯುವಾಗ ನೀರು, ಬೀದಿ, ನೆರೆಹೊರೆ ಎಲ್ಲವನ್ನೂ ವಿಚಾರಿಸಿದೆ, ಗೋಡೆಯನ್ನು ಮುಟ್ಟಿ ನೋಡಲಿಲ್ಲ. ಅದು ಮಾರ್ಚ್ ತಿಂಗಳು, ಹೊಸ ಬಣ್ಣ ಬೇರೆ.

ಜುಲೈನಲ್ಲಿ ಸೂರ್ಯನ ಮುಖವೇ ಕಾಣದ ಜಿಟಿಜಿಟಿ ಮಳೆ ಹಿಡಿಯಿತು. ಅವ್ವ ಕೊಟ್ಟ ಇಳಕಲ್ ಸೀರೆಗೆಂದು ತಿಜೋರಿ ತೆರೆದರೆ ಮಡಿಕೆಯ ಮೇಲೆಲ್ಲ ಬಿಳಿ ಬೂಷ್ಟು. ತಿಜೋರಿ ಸರಿಸಿದೆ, ಹಿಂದಿನ ಗೋಡೆಯ ತುಂಬ ಕಪ್ಪು ಚುಕ್ಕೆ. ಅದೇ ವಾರ ಪಡಸಾಲೆಯ ಪಶ್ಚಿಮದ ಗೋಡೆಯಲ್ಲಿ ಬಣ್ಣ ಬೊಬ್ಬೆಯೆದ್ದು ಉದುರತೊಡಗಿತು.

ಮಾಲೀಕರು ಮೇಲಿನ ಮನೆಯಲ್ಲೇ ಇರುತ್ತಾರೆ. ಬಂದು ನೋಡಿ, "ತಂಗಿ, ನೀನು ಒಳಗೇ ಬಟ್ಟೆ ಒಣಗಿಸುತ್ತೀಯಲ್ಲ, ಅದಕ್ಕೇ ಹೀಗೆ" ಎಂದರು. "ಕಾಕಾ, ನಿಮ್ಮ ಗೋಡೆಯೇ ಸೋರುತ್ತಿದೆ" ಎಂದೆ. ಎರಡು ದಿನ ಮಾತಿಲ್ಲ.

ಸಿಟ್ಟು ಇಳಿದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಒಂದಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಎರಡೂ ಗೋಡೆಗಳಿಗೆ, ಮೇಲ್ಮೈ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿದೆ. ಎರಡು ದಿನ ಮುಟ್ಟಲಿಲ್ಲ. ಪಡಸಾಲೆಯಲ್ಲಿ ಹಾಳೆಯ ಹಿಂದೆ, ಗೋಡೆಯ ಕಡೆಗೆ, ಹನಿಗಳಿದ್ದವು; ನೀರು ಗೋಡೆಯೊಳಗಿನಿಂದ ಬರುತ್ತಿತ್ತು. ಮಲಗುವ ಕೋಣೆಯಲ್ಲಿ ಹಾಳೆಯ ಹಿಂಬದಿ ಒಣಗಿತ್ತು, ನಮ್ಮ ಕಡೆಯ ಮುಖ ಒದ್ದೆ. ಅಂದರೆ ಆ ತೇವ ಕೋಣೆಯ ಗಾಳಿಯದು. ಕಾಕಾ ಅರ್ಧ ಸರಿ, ನಾನು ಅರ್ಧ ಸರಿ. ಒಪ್ಪಿಕೊಳ್ಳುವುದು ಕಷ್ಟವಾಯಿತು.

ನನ್ನ ಪಾಲಿನ ತಪ್ಪು ಲೆಕ್ಕ ಹಾಕಿದಾಗ ಗಾಬರಿಯಾಯಿತು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುವುದರೊಳಗೆ 20 ಲೀಟರಿಗೂ ಹೆಚ್ಚು! ಅದರ ಮೇಲೆ ಬೇಳೆ ಬೇಯಿಸಿದ ಹಬೆ, ಹಗ್ಗದ ಮೇಲಿನ ಒದ್ದೆ ಬಟ್ಟೆ. ಇವೆಲ್ಲ ಬಿಸಿಲು ಬೀಳದ ಉತ್ತರದ ಗೋಡೆಗೆ ಹೋಗಿ, ಗಾಳಿಯಾಡದಂತೆ ಒತ್ತಿ ನಿಲ್ಲಿಸಿದ್ದ ತಿಜೋರಿಯ ಹಿಂದೆ ತಂಗುತ್ತಿದ್ದವು.

ಮೂಗು ಬಾಯಿ ಮುಚ್ಚಿ, ಕಿಟಕಿ ತೆರೆದು, ಬೂಷ್ಟನ್ನು ಮೊದಲು ಸೋಪಿನ ನೀರಿನಿಂದ ತೋಯಿಸಿ ಆಮೇಲೆ ಒರೆಸಿದೆ. ಒಣ ಬ್ರಷ್ಷಿನಿಂದ ಉಜ್ಜಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ಉಜ್ಜಿದ ಬಟ್ಟೆಯನ್ನು ಎಸೆದೆ. ಮಳೆ ಬಿಡುವು ಕೊಟ್ಟಾಗ ಫ್ಯಾನು ಹಾಕಿ ಒಣಗಿಸಿ, ಅಲ್ಲಿದ್ದ ಡಿಸ್ಟೆಂಪರ್ ಕೆರೆದು, ಸುಣ್ಣ ಎರಡು ಸಲ ಬಳಿದೆ. ಸುಣ್ಣದ ಖಾರಕ್ಕೆ ಬೂಷ್ಟು ಸುಲಭವಾಗಿ ನೆಲೆಯೂರುವುದಿಲ್ಲ. ತಿಜೋರಿ ಈಗ ಗೋಡೆಯಿಂದ ಅಂಗೈ ಅಗಲ ದೂರದಲ್ಲಿ, ಇಟ್ಟಿಗೆಗಳ ಮೇಲೆ ನಿಂತಿದೆ. ಅಡುಗೆ ಮಾಡುವಾಗ ಒಳಬಾಗಿಲು ಮುಚ್ಚಿ ಹೊರಕಿಟಕಿ ತೆರೆಯುತ್ತೇನೆ. ಬಟ್ಟೆಯ ಹಗ್ಗ ಹಿತ್ತಲ ತಗಡಿನ ಮಾಡಿನ ಕೆಳಗೆ ಹೋಯಿತು. ಸೀರೆ ಮಾತ್ರ ಮೊದಲಿನಂತಾಗಲಿಲ್ಲ.

ಪಡಸಾಲೆಯ ಗೋಡೆಗೆ ಕಾಕಾ ಒಳಗಿನಿಂದ ಆಯಿಲ್ ಪೇಂಟ್ ಹೊಡೆಸಲು ಹೊರಟಿದ್ದರು. ಹಾಳೆಯನ್ನು ತೋರಿಸಿ, "ನೀರು ಒಳಗೇ ಸಿಕ್ಕಿಬೀಳುತ್ತದೆ ಕಾಕಾ, ಮೊದಲು ಅದು ಎಲ್ಲಿಂದ ಬರುತ್ತದೆ ನೋಡೋಣ" ಎಂದು ಛತ್ತಿಗೆ ಕರೆದೊಯ್ದೆ. ಮಾಳಿಗೆಯ ನೀರು ಹೊರಬೀಳುವ ಕೊಳವೆ ಗೋಡೆಯ ಅಂಚಿಗೇ ಮುರಿದಿತ್ತು. ಅಷ್ಟೂ ನೀರು ಗೋಡೆಯ ಮೇಲೆ ಹರಿದು, ಗಿಲಾವಿನ ಬಿರುಕುಗಳಲ್ಲಿ ಇಳಿಯುತ್ತಿತ್ತು. ಗೌಂಡಿ ಬಂದು ಕೊಳವೆಯನ್ನು ಒಂದು ಮೊಳ ಮುಂದಕ್ಕೆ ಚಾಚಿದ. ಬಿರುಕುಗಳನ್ನು ಮಳೆಗಾಲ ಕಳೆದ ಮೇಲೆ ನವೆಂಬರ್‌ನಲ್ಲಿ ತುಂಬಿದ. ಖರ್ಚು ಕಾಕಾರದು, ಗೌಂಡಿಗೆ ಎರಡು ಹೊತ್ತಿನ ಚಹಾ ನನ್ನದು.

ಸಂಕ್ರಾಂತಿಗೆ ಬಣ್ಣ ಹೊಡೆಸೋಣವೇ ಎಂದು ಕಾಕಾ ಕೇಳಿದರು. ಹಾಳೆ ಅಂಟಿಸಿ ನೋಡಿದೆವು. ಹಿಂದೆ ಇನ್ನೂ ಸಣ್ಣಗೆ ಬೆವರುತ್ತಿತ್ತು. ಯುಗಾದಿ ಕಳೆಯಲಿ ಎಂದು ಅವರೇ ಹೇಳಿ ಮೇಲೆ ಹೋದರು.