ಅಸ್ತರ ಇಲ್ಲದ ರನ್ನರ್, ಎರಡೂ ಕಡೆ ಕಸೂತಿ

ಕಸೂತಿ ಹಾಕಿದ ಟೇಬಲ್ ರನ್ನರ್‌ಗೆ ಅಸ್ತರ ಕೊಡದೆ ಮಾರಲಾಗದು ಅಂತ ಇಲ್ಲಿ ಪುಣೆಯ ಕೊಥ್ರೂಡಿನಲ್ಲಿ ನನಗೆ ಹೇಳದವರಿಲ್ಲ. ಮೇಜಿನ ಉದ್ದಕ್ಕೂ ಹಾಸಿ ತುದಿಗೆ ಗೇಣುದ್ದ ಇಳಿಬೀಳುವ ಬಟ್ಟೆ, ಫ್ಯಾನಿನ ಗಾಳಿಗೆ ಮಗುಚಿದರೆ ಹಿಂದಿನ ದಾರದ ಗೋಜಲು ಊಟಕ್ಕೆ ಕೂತವರಿಗೆಲ್ಲ ದರ್ಶನ. ಧಾರವಾಡದಿಂದ ಬಂದಿದ್ದ ವೈನಿ (ಅತ್ತಿಗೆ) ಅಂತೂ, "ಸೆರಗಿಗೆ ಹಾಕೋದನ್ನ ತಂದು ಮೇಜಿಗೆ ಹಾಸ್ತೀಯಲ್ಲ, ಸಾರು ಚೆಲ್ಲಿದ್ರ ಏನ್ ಮಾಡ್ತಿ?" ಅಂದಿದ್ದರು.

ಮೊದಮೊದಲು ನಾನೂ ಅಸ್ತರವನ್ನೇ ನಂಬಿದೆ. ಲಕ್ಷ್ಮೀ ರಸ್ತೆಯಿಂದ ಮ್ಯಾಟಿ ಬಟ್ಟೆ ತಂದು ಎಂಟೋ ಒಂಬತ್ತೋ ಮಾಡಿದೆ. ಒಗೆದಾಗ ಅಸ್ತರ ಕುಗ್ಗಿತು, ಮ್ಯಾಟಿ ಅಷ್ಟು ಕುಗ್ಗಲಿಲ್ಲ, ಅಂಚೆಲ್ಲ ಕರಿದ ಹಪ್ಪಳದ ಹಾಗೆ ಸೊಟ್ಟ. ಐದು ವಾಪಸ್ ಬಂದವು. ಮುಂದಿನ ಸಲ ಎರಡನ್ನೂ ಮೊದಲೇ ನೆನೆಸಿ ಒಣಗಿಸಿದೆ. ಸೊಟ್ಟ ಹೋಯಿತು, ಆದರೆ ಅಗ್ಗಕ್ಕೆ ಸಿಕ್ಕಿತೆಂದು ತಂದ ಬಿಡಿ ದಾರದ ಕೆಂಪು ಬಣ್ಣ ಬಿಟ್ಟು ಕಸೂತಿಯ ಗೋಪುರದ ಸುತ್ತ ಕುಂಕುಮ ನೀರು ಚೆಲ್ಲಿದಂತಾಯಿತು. ಎಲ್ಲ ಸೇರಿ ನಾಲ್ಕೂವರೆ ಸಾವಿರದಷ್ಟು ಹೋಯಿತು.

ಆಗ ಹೊಳೆದದ್ದು ಅಜ್ಜಿಯ ಕರಿ ಚಂದ್ರಕಾಳಿ ಸೀರೆ. ಅದರ ಕಸೂತಿ ಸೆರಗಿಗೆ ಅಸ್ತರ ಎಲ್ಲಿತ್ತು?

ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಎರಡೂ ಕಡೆ ಒಂದೇ ತೆರನಾಗಿ ಕಾಣುವ ಗವಂತಿ, ಮುರ್ಗಿ ಎರಡನ್ನೇ ಇಟ್ಟುಕೊಂಡು ನೇಯ್ಗಿ, ಮೆಂತಿ ಎರಡನ್ನೂ ಬಿಟ್ಟೆ. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತೇವೆ, ಅದು ಎಲ್ಲರಿಗೂ ಗೊತ್ತು. ಪೇಚಿರುವುದು ಕವಲಿನಲ್ಲಿ. ಗೋಪುರದ ಮೆಟ್ಟಿಲಿಂದ ಕಳಸದ ಕವಲು ಒಡೆದರೆ, ಕವಲಿಗೆ ಹೋಗಿ ತುದಿ ಮುಟ್ಟಿ ಅದೇ ದಾರಿಯಲ್ಲಿ ಇಳಿದು ಬಂದೇ ಮುಂದಕ್ಕೆ ಹೋಗಬೇಕು. ಒಂದು ಕವಲು ಮರೆತರೂ ಹಿಂದೆ ದಾರ ಜಿಗಿಯುತ್ತದೆ. ಮೊದಲ ಗೋಪುರವನ್ನು ಮೂರು ಸಲ ಬಿಚ್ಚಿದೆ. ಈಗ ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ದಾರಿ ಬರೆದುಕೊಂಡೇ ಸೂಜಿ ಹಿಡಿಯುವುದು. ವಾಪಸ್ ಬರುವಾಗ ಸೂಜಿ ಪ್ರತಿ ಸಲವೂ ಹಳೆಯ ಹೊಲಿಗೆಯ ಒಂದೇ ಬದಿಯಿಂದ ಏಳಬೇಕು, ಇನ್ನೊಂದು ಬದಿಗೆ ಇಳಿಯಬೇಕು. ಇಲ್ಲದಿದ್ದರೆ ಗೆರೆ ಗರಗಸವಾಗುತ್ತದೆ. ಮೊಂಡು ಮೊನೆಯ ಸೂಜಿ, ಎರಡೇ ಎಳೆ ದಾರ. ದಾರ ಮುಗಿದಾಗ ಬಾಲ ಎಲ್ಲಿ ಅಡಗಿಸುತ್ತೇನೆ ಅನ್ನೋದನ್ನು ಮಾತ್ರ ಬರೆಯಲಾರೆ, ಆರು ತಿಂಗಳು ಕಣ್ಣು ಕಳೆದು ಕಲಿತದ್ದು.

ನಡುವೆ ಊರೂರು ತಿರುಗಿದ್ದೂ ಆಯಿತು, ಮೇಜಿನ ಮೇಲೇ. ಜಪಾನಿನ ಸಾಶಿಕೊ ಹೊಲಿಗೆ ಸುಲಭ, ನೀಲಿ ಬಟ್ಟೆಗೆ ಬಿಳಿ ದಾರ, ಆದರೆ ಹೋಗುವುದಷ್ಟೇ, ಬರುವುದಿಲ್ಲ. ಹಿಂದೆ ನೋಡಿದರೆ ಹೊಲಿಗೆ ಇರಬೇಕಾದಲ್ಲಿ ಖಾಲಿ. ನಾರ್ವೆಯ ಹಾರ್ಡಾಂಗರ್‌ನಲ್ಲಿ ಎಳೆ ಕತ್ತರಿಸಿ ಕಿಂಡಿ ಮಾಡುತ್ತಾರೆ. ನಾನು ಕತ್ತರಿಸಬಾರದ ಎಳೆ ಕತ್ತರಿಸಿದೆ, ಆ ತುಂಡು ಈಗ ಮಿಕ್ಸರ್ ಒರೆಸುತ್ತದೆ. ಯುಕ್ರೇನಿನವರ ರುಶ್ನಿಕ್ ಎಂಬ ಕಸೂತಿ ವಸ್ತ್ರದ ಕೆಂಪು ಅಂಚು ಮಾತ್ರ ಮನಸ್ಸಿಗೆ ಹತ್ತಿತು, ಅವರು ಅತಿಥಿಗೆ ರೊಟ್ಟಿ, ಉಪ್ಪು ಹಿಡಿದು ಬರುವುದು ಅದರ ಮೇಲೆಯೇ. ತಮಾಷೆಯೆಂದರೆ ಯುರೋಪಿನಲ್ಲಿ ನಮ್ಮ ಗವಂತಿಯಂಥದೇ ಹೊಲಿಗೆಗೆ ಹೋಲ್ಬೈನ್ ಅಂತ ಹೆಸರು. 16ನೇ ಶತಮಾನದ ಚಿತ್ರಕಾರ ಹೋಲ್ಬೈನ್ ಬರೆದ ಚಿತ್ರಗಳಲ್ಲಿರುವವರ ಕೊರಳಪಟ್ಟಿ, ತೋಳಂಚಿನಲ್ಲಿ ಅದೇ ಹೊಲಿಗೆ. ಹೊಲಿದ ಹೆಂಗಸರ ಹೆಸರು ಬಿಟ್ಟು ಬರೆದವನ ಹೆಸರು ನಿಂತಿದೆ ನೋಡಿ.

ಈಗ 13ಕ್ಕೆ 72 ಇಂಚಿನ ಒಂದಕ್ಕೆ ಬಟ್ಟೆ, ದಾರ ಸೇರಿ 350 ರೂಪಾಯಿ ಆಸುಪಾಸು, ಮೂವತ್ತೈದು ತಾಸು ಕೈಕೆಲಸ. 1,800ಕ್ಕೆ ಕೇಳಿದವರಿಗೆ ಕೊಡಲಿಲ್ಲ. 2,600ಕ್ಕೆ ತೆಗೆದುಕೊಂಡ ಅಂಗಡಿಯಾಕೆ ಅತ್ತಿಂದಿತ್ತ ನಾಲ್ಕು ಸಲ ಮಗುಚಿ, "ಯಾಚೀ ಉಲಟೀ ಬಾಜೂ ಕೋಣತೀ?", ಇದರ ಹಿಂಬದಿ ಯಾವುದು, ಅಂತ ಮರಾಠಿಯಲ್ಲಿ ಕೇಳಿದಳು. ನಾನು ಹೇಳಲಿಲ್ಲ, ನನಗೂ ಹುಡುಕಬೇಕಿತ್ತು.

ವೈನಿಯದೂ ಒಂದು ಆರ್ಡರ್ ಇದೆ, ತೇರಿನದು. ತೇರಿನ ಗಾಲಿ ಇನ್ನೂ ಪ್ರತಿ ಸಲ ಒಂದು ಎಳೆ ತಪ್ಪುತ್ತಿದೆ.