ನಿಂಬೆ ಉಪ್ಪು ಉಪ್ಪಲ್ಲ: ಕೆಟಲ್ ತೊಳೆಯಲು ಹೋಗಿ ನೆಲ ಕೆಡಿಸಿದ ಅನುಭವ

ಕಲಬುರಗಿಯ ನಮ್ಮ ಮನೆಯಲ್ಲಿ ಬೋರ್ ನೀರು. ಸ್ಟೀಲ್ ಕೆಟಲ್ ತಂದು ಮೂರು ತಿಂಗಳಾಗಿತ್ತಷ್ಟೆ, ತಳದಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟಿ, ಅದರ ಚೂರುಗಳು ಚಹಾದಲ್ಲಿ ತೇಲತೊಡಗಿದವು.

ಯಾರೋ ಹೇಳಿದರೆಂದು ವಿನೆಗರ್ ಸುರಿದು ಮೇಲೆ ಅಡುಗೆ ಸೋಡಾ ಹಾಕಿದೆ. ಬುಸ್ಸೆಂದು ನೊರೆ ಉಕ್ಕಿತು, ಒಳಗೆ ಭಾರಿ ಕೆಲಸ ನಡೆದಿದೆ ಅನ್ನಿಸಿತು. ತೊಳೆದು ನೋಡಿದರೆ ಹಕ್ಕಳೆ ಇದ್ದಲ್ಲೇ ಇದೆ! ವಿನೆಗರ್‌ನಲ್ಲಿರುವುದು ಆಮ್ಲ, ಸೋಡಾದ್ದು ಪ್ರತ್ಯಾಮ್ಲದ ಗುಣ. ಅವೆರಡೂ ತಮ್ಮತಮ್ಮಲ್ಲೇ ಸೇರಿ ಮುಗಿದವು, ಉಳಿದದ್ದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಆಮ್ಲ ಹಕ್ಕಳೆ ಮುಟ್ಟುವ ಮೊದಲೇ ಸೋಡಾ ಅದನ್ನು ತಿಂದು ಹಾಕಿತ್ತು, ಅಷ್ಟೇ.

ಬೋರ್ ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಣ್ಣಿಗೆ ಕಾಣದ ಹಾಗೆ ಕರಗಿರುತ್ತದೆ. ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ, ನೀರಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ತಳ ಹಿಡಿಯುತ್ತದೆ. ಅದನ್ನು ಬಿಡಿಸಲು ಬೇಕಾದ್ದು ಬರೀ ಆಮ್ಲ.

ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ತಂದೆ. ಹೆಸರಲ್ಲಿ ಉಪ್ಪು ಇದ್ದರೂ ಅದು ಸಿಟ್ರಿಕ್ ಆಮ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸುಮಾರು 20 ಗ್ರಾಂ ಹಾಕಿ ಕರಗಿಸಿದೆ. ಕುದಿಸಲಿಲ್ಲ, ಏಕೆಂದರೆ ಇಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಸಕ್ಕರೆಯ ಹಾಗಲ್ಲ, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ, ಒಂದು ಹಕ್ಕಳೆ ಬಿಡಿಸಲು ಹೋಗಿ ಇನ್ನೊಂದನ್ನು ಕೂರಿಸಿದ ಹಾಗಾಗುತ್ತದೆ. ಸಣ್ಣ ಗುಳ್ಳೆಗಳು ಸುಮ್ನೆ ಏಳುತ್ತಿದ್ದವು. ಅರ್ಧ ಗಂಟೆ ಬಿಟ್ಟು ಚೆಲ್ಲಿ ಇನ್ನೊಮ್ಮೆ ಹಾಕಿದೆ, ತಳ ಫಳಫಳ ಹೊಳೆಯಿತು. ಆಮೇಲೆ ಬರೀ ನೀರು ಕುದಿಸಿ ಚೆಲ್ಲಿದೆ. ಟಾಯ್ಲೆಟ್ ಆಸಿಡ್ ಹಾಕು ಅಂದವರೂ ಇದ್ದರು. ಕುಡಿಯುವ ಪಾತ್ರೆಗೆ ಅದು ಬೇಡವೇ ಬೇಡ, ಸ್ಟೀಲನ್ನೂ ಅದು ತಿನ್ನುತ್ತದೆ.

ಇಷ್ಟೆಲ್ಲ ತಿಳಿದವನು ಚೆಲ್ಲುವಾಗ ನಾಲ್ಕು ಹನಿ ನೆಲಕ್ಕೆ ಬಿದ್ದದ್ದನ್ನು ಒರೆಸಲಿಲ್ಲ. ಬೆಳಗ್ಗೆ ನೋಡಿದರೆ ಅಷ್ಟು ಜಾಗದಲ್ಲಿ ಕಲ್ಲಿನ ಹೊಳಪು ಹೋಗಿ ಬೆಳ್ಳಗಾಗಿದೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ಅಂದರೆ ಸುಣ್ಣದ ಕಲ್ಲು, ಕೆಟಲ್‌ನ ಹಕ್ಕಳೆಯೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲಕ್ಕೆ ಎರಡೂ ಒಂದೇ ಅಲ್ವಾ?

"ಕೆಟಲ್ ಬೆಳಗಿದಿ, ನೆಲ ಕೆಡಿಸಿದಿ" ಅಂದಳು ಅವ್ವ. ಕಲೆಯ ಮೇಲೆ ಈಗ ನೀರಿನ ಕ್ಯಾನ್ ಇಟ್ಟಿದ್ದೇನೆ.